ಅಗ್ಗದ ಕೀಬೋರ್ಡ್‌ಗೆ ಎಲ್‌ಇಡಿ ಬೆಳಕು: ಪಟ್ಟಿ ಕೊಳ್ಳುವ ಮೊದಲು ಬಿಚ್ಚಿ ನೋಡಿ

ಈ ಕೆಲಸಕ್ಕೆ ಕೈ ಹಾಕಿ ಕೆಡಿಸಿಕೊಂಡವರ ಕಥೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಮೊದಲು ಎಲ್‌ಇಡಿ ಪಟ್ಟಿ ತರುತ್ತಾರೆ. ಆಮೇಲೆ ಕೀಬೋರ್ಡ್ ಬಿಚ್ಚುತ್ತಾರೆ. ಪಟ್ಟಿಯನ್ನು ತಳದಲ್ಲಿ ಅಂಟಿಸಿ, ಹೇಗೋ ಒತ್ತಿ ಮುಚ್ಚಿ, ಕಂಪ್ಯೂಟರ್‌ಗೆ ಸಿಕ್ಕಿಸುತ್ತಾರೆ. ಒಳಗೆ ಎಲ್‌ಇಡಿ ಉರಿಯುತ್ತಿರುತ್ತದೆ, ಹೊರಗೆ ಕತ್ತಲೆ. ಬೆಳಕು ಸಾಲದು ಅಂದುಕೊಂಡು ಮತ್ತೆ ಬಿಚ್ಚಿ ಇನ್ನಷ್ಟು ತುಂಬುತ್ತಾರೆ. ಈ ಸಲ ಏಳೆಂಟು ಕೀ ಸತ್ತುಹೋಗುತ್ತವೆ, ಇಲ್ಲವೇ ಯುಎಸ್‌ಬಿ ಪೋರ್ಟ್ ಆಫ್ ಆಗುತ್ತದೆ.

ಬೆಸುಗೆ ಚೆನ್ನಾಗಿ ಬರುವವರೂ ಹೀಗೇ ಸೋಲುತ್ತಾರೆ, ಯಾಕೆಂದರೆ ಕೆಲಸದ ಕ್ರಮವೇ ತಲೆಕೆಳಗಾಗಿರುತ್ತದೆ. ಬೆಳಕು ಹೊರಗೆ ಬರಲು ದಾರಿ ಎಲ್ಲಿದೆ ಅಂತ ಮೊದಲು ನೋಡಬೇಕು. ಆ ದಾರಿಗೆ ಹೊಂದುವ ಎಲ್‌ಇಡಿಯನ್ನು ಆಮೇಲೆ ಕೊಳ್ಳಬೇಕು. ಅದಕ್ಕೇ ಇಲ್ಲಿ ಎಲ್‌ಇಡಿ ಕೊಳ್ಳುವ ಮಾತು ಬರುವುದು ಐದನೇ ಹಂತದಲ್ಲಿ.

ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ಅಗ್ಗದ ಕೀಬೋರ್ಡ್‌ನಲ್ಲಿ ಅಕ್ಷರಗಳು ಹೊಳೆಯುವುದಿಲ್ಲ. ಕೀ ಗಟ್ಟಿ ಕಪ್ಪು ಪ್ಲಾಸ್ಟಿಕ್, ಅಕ್ಷರ ಅದರ ಮೇಲೆ ಮುದ್ರಿಸಿದ ಬಣ್ಣ. ಬೆಳಕು ಬರುವುದು ಕೀಗಳ ನಡುವಿನ ಸಂದಿಯಿಂದ ಮಾತ್ರ. ಪ್ರತಿ ಕೀ ಸುತ್ತ ಬೆಳಕಿನ ಗೆರೆ ಕಾಣುತ್ತದೆ, ಯಾವ ಕೀ ಎಲ್ಲಿದೆ ಎಂದು ಕೈಗೆ ಅಂದಾಜು ಸಿಗುತ್ತದೆ. ಬಿಳಿ ಅಥವಾ ತಿಳಿ ಬೂದು ಬಣ್ಣದ ಕೀಬೋರ್ಡ್ ಆದರೆ ಸ್ವಲ್ಪ ಲಾಭ ಜಾಸ್ತಿ: ಕೀ ತಾನೇ ಮಂದವಾಗಿ ಬೆಳಗುತ್ತದೆ, ಕಪ್ಪು ಅಕ್ಷರ ಎದ್ದು ಕಾಣುತ್ತದೆ. ಕಪ್ಪು ಕೀಬೋರ್ಡ್ ಇಟ್ಟುಕೊಂಡು ಕತ್ತಲಲ್ಲಿ ಅಕ್ಷರ ಓದಲೇಬೇಕು ಅನ್ನುವವರು ಮಾನಿಟರ್ ಕೆಳಗೆ ಒಂದು ಪುಟ್ಟ ಯುಎಸ್‌ಬಿ ದೀಪ ಸಿಕ್ಕಿಸಿಕೊಳ್ಳಿ. ಐದು ನಿಮಿಷದ ಕೆಲಸ, ಮುಂದೆ ಓದುವುದೂ ಬೇಡ.

## ಬೇಕಾಗುವ ಸಾಮಾನು

ಮೊದಲ ನಾಲ್ಕು ಹಂತಕ್ಕೆ ಬೇಕಾಗುವುದು ಇಷ್ಟೇ: ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, ಚಿಪ್ಪು (ಕೀಬೋರ್ಡ್‌ನ ಹೊರಗಿನ ಪ್ಲಾಸ್ಟಿಕ್ ಕವಚ) ಬಿಡಿಸಲು ಹಳೆಯ ಪ್ಲಾಸ್ಟಿಕ್ ಕಾರ್ಡ್, ಎರಡು ಪೇಪರ್ ಕ್ಲಿಪ್, ಮೊಬೈಲ್ ಟಾರ್ಚ್, ಮಕ್ಕಳು ಆಡುವ ಮೆತ್ತನೆ ಕ್ಲೇ ಒಂದು ಚೂರು, ಮಿಲಿಮೀಟರ್ ಗೆರೆ ಇರುವ ಸ್ಕೇಲ್.

ಆಮೇಲೆ ವೋಲ್ಟ್, ಓಮ್ ಅಳೆಯುವ ಮಲ್ಟಿಮೀಟರ್, ತೆಳು ಮೊನೆಯ ಸೋಲ್ಡರಿಂಗ್ ಐರನ್, 0.8 ಮಿಮೀ ಅಥವಾ ಅದಕ್ಕಿಂತ ತೆಳುವಾದ ಸೋಲ್ಡರ್, ಕೂದಲಿನಷ್ಟು ಸಣ್ಣದಲ್ಲದಿದ್ದರೂ ಸಾಕಷ್ಟು ತೆಳುವಾದ ಪ್ಲಾಸ್ಟಿಕ್ ಹೊದಿಕೆಯ ವೈರ್, ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗಿ ಕೂರುವ ಹೀಟ್ ಶ್ರಿಂಕ್ ಟ್ಯೂಬ್, ಒಂದು ಪುಟ್ಟ ಜಾರು ಸ್ವಿಚ್. ಯುಎಸ್‌ಬಿ ಮೀಟರ್ ಇದ್ದರೆ ಕೆಲಸ ತುಂಬ ಸಲೀಸು. ಕರೆಂಟ್ ಎಷ್ಟು ಹೋಗುತ್ತಿದೆ ಅಂತ ಅದು ಕಣ್ಣೆದುರಿಗೇ ತೋರಿಸುತ್ತದೆ.

ಮಲ್ಟಿಮೀಟರ್ ಇಲ್ಲದೆ ಈ ಕೆಲಸ ಮಾಡಬೇಡಿ. ಉಳಿದದ್ದಕ್ಕೆ ಬದಲಿ ಹುಡುಕಬಹುದು, ಇದಕ್ಕಿಲ್ಲ.

## ಹಂತ 1: ಈ ಕೀಬೋರ್ಡ್ ಆಗಿಬರುತ್ತದೆಯೇ?

ವೈರ್‌ಲೆಸ್ ಕೀಬೋರ್ಡ್ ಬೇಡ. ಒಂದೆರಡು ಸೆಲ್‌ನಲ್ಲಿ ತಿಂಗಳುಗಟ್ಟಲೆ ನಡೆಯುವಂತೆ ಮಾಡಿದ ಸಾಧನ ಅದು. ಎಲ್‌ಇಡಿ ಹಾಕಿದರೆ ಆ ಸೆಲ್ ದಿನಗಳಲ್ಲೇ ಮುಗಿಯುತ್ತದೆ. ಲ್ಯಾಪ್‌ಟಾಪ್ ಥರದ ಚಪ್ಪಟೆ ಕೀಬೋರ್ಡ್ ಕೂಡ ಬೇಡ. ಅದರಲ್ಲಿ ಎಷ್ಟೋ ಸಲ ಪ್ಲಾಸ್ಟಿಕ್ ಮೊಳೆಗಳನ್ನು ಕರಗಿಸಿ ಒತ್ತಿ ಕೂರಿಸಿರುತ್ತಾರೆ. ಬಿಚ್ಚಿದರೆ ಮತ್ತೆ ಕೂರುವುದಿಲ್ಲ.

ಬೇಕಾಗಿರುವುದು ಯುಎಸ್‌ಬಿ ವೈರ್ ಇರುವ, ಎತ್ತರದ ಕೀಗಳ, ಕೆಳಗೆ ಸ್ಕ್ರೂ ಇರುವ ಸಾದಾ ಮೆಂಬ್ರೇನ್ ಕೀಬೋರ್ಡ್, ಅಂದರೆ ಕೀಗಳ ಕೆಳಗೆ ಗೆರೆ ಮುದ್ರಿಸಿದ ಪ್ಲಾಸ್ಟಿಕ್ ಹಾಳೆ ಇರುವಂಥದ್ದು. ದಿನಾ ಕೆಲಸಕ್ಕೆ ಬಳಸುವ ಒಂದೇ ಕೀಬೋರ್ಡ್ ಮೇಲೆ ಪ್ರಯೋಗ ಮಾಡಬೇಡಿ. ಮೂಲೆಯಲ್ಲಿ ಬಿದ್ದಿರುವ ಹಳೆಯದನ್ನು ತೆಗೆಯಿರಿ. ತೆಗೆದ ಮೇಲೆ ಎಲ್ಲಾ ಕೀಗಳನ್ನೂ ಒಮ್ಮೆ ಒತ್ತಿ, ಯಾವುದು ಮೊದಲೇ ಕೆಟ್ಟಿದೆ ಅಂತ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಕೊನೆಗೆ ನಿಮ್ಮದಲ್ಲದ ತಪ್ಪನ್ನು ಹುಡುಕುತ್ತಾ ಇಡೀ ರಾತ್ರಿ ಕೂರಬೇಕಾಗುತ್ತದೆ.

## ಹಂತ 2: ಫೋಟೋ ತೆಗೆದು ಕೀಗಳನ್ನು ಎಬ್ಬಿಸುವುದು

ವೈರ್ ಕಂಪ್ಯೂಟರ್‌ನಿಂದ ಕಿತ್ತಿಡಿ. ಕೀಬೋರ್ಡ್‌ನ ಫೋಟೋ ತೆಗೆಯಿರಿ. ಅಕ್ಷರಗಳ ಜಾಗ ಬಾಯಿಪಾಠ ಇದೆ ಅಂತ ಬಿಡಬೇಡಿ. ಬಲಗಡೆಯ ಇನ್ಸರ್ಟ್, ಡಿಲೀಟ್, ಪಾಝ್ (Pause) ಕೀಗಳ ಹತ್ತಿರ ಎಲ್ಲರೂ ತಡವರಿಸುತ್ತಾರೆ.

ಎರಡು ಪೇಪರ್ ಕ್ಲಿಪ್‌ಗಳ ತುದಿಯನ್ನು ಕೊಕ್ಕೆಯ ಹಾಗೆ ಬಗ್ಗಿಸಿ. ಕೀಯ ಎದುರುಬದುರು ಅಂಚಿಗೆ ಸಿಕ್ಕಿಸಿ, ಎರಡನ್ನೂ ಒಟ್ಟಿಗೆ ನೇರ ಮೇಲಕ್ಕೆ ಎಳೆಯಿರಿ. ಒಂದೇ ಕಡೆಯಿಂದ ಮೀಟಿದರೆ ಕೀಯ ಕೆಳಗಿನ ಪುಟ್ಟ ಕೊಂಡಿ ಮುರಿಯುತ್ತದೆ, ಮುರಿದರೆ ಆ ಕೀ ಆಮೇಲೆ ಸಡಿಲ. ಸ್ಪೇಸ್ ಬಾರ್, ಎಂಟರ್, ಶಿಫ್ಟ್‌ಗಳಲ್ಲಿ ಅಡ್ಡಲಾಗಿ ಒಂದು ಉಕ್ಕಿನ ತಂತಿ ಇರಬಹುದು. ಕೀ ಎಲ್ಲಿ ಒತ್ತಿದರೂ ಸಮನಾಗಿ ಇಳಿಯಲಿ ಅಂತ ಅದು ಇರುವುದು. ಆ ಕೀಗಳನ್ನು ಎಳೆಯದೆ, ಸ್ವಲ್ಪ ಎತ್ತಿ ತಂತಿಯನ್ನು ಕೊಂಡಿಯಿಂದ ಪಕ್ಕಕ್ಕೆ ಜಾರಿಸಿ ಬಿಡಿಸಿ. ತಂತಿ ಯಾವ ಕಡೆಗೆ ಬಾಗಿತ್ತು ಎಂಬುದಕ್ಕೂ ಒಂದು ಫೋಟೋ ಇರಲಿ.

ನಂಬರ್ ಪ್ಯಾಡ್‌ಗೆ ಬೆಳಕು ಬೇಡ ಅಂದುಕೊಂಡರೆ ಅದನ್ನು ಮುಟ್ಟಲೇಬೇಡಿ. ನಾನು ಯಾವತ್ತೂ ಬೇಡ ಅಂತಲೇ ಹೇಳುತ್ತೇನೆ, ಕಾರಣ ಕರೆಂಟ್ ಲೆಕ್ಕದಲ್ಲಿ ಬರುತ್ತದೆ.

## ಹಂತ 3: ಚಿಪ್ಪು ಬಿಚ್ಚುವುದು

ಕೀಬೋರ್ಡ್ ಮಗುಚಿ. ಕಾಣುವ ಸ್ಕ್ರೂಗಳನ್ನೆಲ್ಲ ಬಿಚ್ಚಿದ ಮೇಲೂ ಚಿಪ್ಪು ಬಿಡುತ್ತಿಲ್ಲ ಅಂದರೆ ಬಲ ಹಾಕಬೇಡಿ, ಎಲ್ಲೋ ಒಂದು ಸ್ಕ್ರೂ ಅಡಗಿದೆ. ಸ್ಟಿಕ್ಕರ್ ಮೇಲೆ ಬೆರಳಾಡಿಸಿ, ಗುಂಡಿ ಸಿಕ್ಕುತ್ತದೆ. ರಬ್ಬರ್ ಪಾದಗಳ ಕೆಳಗೂ ನೋಡಿ. ಎಲ್ಲಾ ತೆಗೆದ ಮೇಲೆ ಪ್ಲಾಸ್ಟಿಕ್ ಕಾರ್ಡನ್ನು ಅಂಚಿನ ಸಂದಿಗೆ ತೂರಿಸಿ ನಿಧಾನಕ್ಕೆ ಸುತ್ತ ಎಳೆದರೆ ಕೊಂಡಿಗಳು ಟಕ್ ಟಕ್ ಎಂದು ಬಿಡುತ್ತವೆ.

ತೆರೆಯುವಾಗ ಕೀಗಳ ಕಡೆ ಕೆಳಗಿರಲಿ, ತಳದ ಚಿಪ್ಪನ್ನು ಮೇಲಕ್ಕೆ ಎತ್ತಿ. ಉಲ್ಟಾ ಮಾಡಿದರೆ, ಬಿಡಿಬಿಡಿ ರಬ್ಬರ್ ಡೋಮ್ (ಒತ್ತಿದ ಕೀಯನ್ನು ಮತ್ತೆ ಮೇಲೆಬ್ಬಿಸುವ ಪುಟ್ಟ ಬಟ್ಟಲು) ಇರುವ ಕೀಬೋರ್ಡ್ ಆಗಿದ್ದರೆ, ನೂರಕ್ಕೂ ಹೆಚ್ಚು ಪುಟ್ಟ ಬಟ್ಟಲುಗಳು ನೆಲದ ತುಂಬ ಉರುಳುತ್ತವೆ.

ಒಳಗೆ ಕಾಣುವುದು ಇಷ್ಟು: ಮೂರು ಪದರದ ಪ್ಲಾಸ್ಟಿಕ್ ಹಾಳೆ, ಅದೇ ಮೆಂಬ್ರೇನ್. ಅದರ ಮೇಲೆ ವಾಹಕ ಶಾಯಿಯಲ್ಲಿ ಮುದ್ರಿಸಿದ ಗೆರೆಗಳು. ಹಾಳೆಯ ಒಂದು ಬಾಲ ಸಣ್ಣ ಸರ್ಕ್ಯೂಟ್ ಬೋರ್ಡ್ ಕೆಳಗೆ ಒತ್ತಿಕೊಂಡಿರುತ್ತದೆ. ಅಲ್ಲಿ ಬೆಸುಗೆ ಇರುವುದಿಲ್ಲ, ರಬ್ಬರ್ ಪಟ್ಟಿ ಮತ್ತು ಸ್ಕ್ರೂಗಳ ಒತ್ತಡದ ಮೇಲೆಯೇ ಎಲ್ಲಾ ನಿಂತಿದೆ. ಈ ಜಾಗದ ಫೋಟೋವನ್ನು ಹತ್ತಿರದಿಂದ ತೆಗೆದುಕೊಳ್ಳಿ. ಮುಂದೆ ಕೀಗಳು ಸತ್ತರೆ ಹತ್ತರಲ್ಲಿ ಎಂಟು ಸಲ ತಪ್ಪು ಇಲ್ಲೇ ಇರುತ್ತದೆ.

ಮೆಂಬ್ರೇನನ್ನು ಅಂಚು ಹಿಡಿದು ಎತ್ತಿ, ಮಡಿಚದೆ, ಚಪ್ಪಟೆಯಾಗಿ ಒಂದು ರಟ್ಟಿನ ಮೇಲಿಡಿ. ಒಮ್ಮೆ ಗೀರಾಗಿ ಮಡಿಚಿದರೆ ಆ ಗೆರೆಯಲ್ಲಿ ಶಾಯಿ ಬಿರುಕು ಬಿಡುತ್ತದೆ. ಕೊಳೆ ಇದೆ ಅಂತ ಗೆರೆಗಳನ್ನು ತಿಕ್ಕಲೂ ಹೋಗಬೇಡಿ.

## ಹಂತ 4: ಟಾರ್ಚ್ ಪರೀಕ್ಷೆ, ಕ್ಲೇ ಪರೀಕ್ಷೆ

ಇಡೀ ಕೆಲಸ ನಿಂತಿರುವುದು ಈ ಹಂತದ ಮೇಲೆ. ಇದಕ್ಕೆ ಅರ್ಧ ಗಂಟೆ ಕೊಡಿ.

ಕೋಣೆಯ ದೀಪ ಆರಿಸಿ. ಮೇಲಿನ ಚಿಪ್ಪನ್ನು, ಅಂದರೆ ಕೀಗಳು ಕೂರುವ ಕೊಳವೆಗಳಿರುವ ತಟ್ಟೆಯನ್ನು, ಕೈಯಲ್ಲಿ ಹಿಡಿದು ಹಿಂದಿನಿಂದ ಟಾರ್ಚ್ ಬಿಡಿ. ಮೂರರಲ್ಲಿ ಒಂದು ಆಗುತ್ತದೆ.

ತಟ್ಟೆ ಬಿಳಿಯದಾಗಿದ್ದು ಇಡೀ ತಟ್ಟೆ ಹಾಲಿನ ಹಾಗೆ ಬೆಳಗಿದರೆ ನೀವು ಅದೃಷ್ಟವಂತರು. ಈಗ ತಟ್ಟೆಯ ಹಿಂದೆ ರಬ್ಬರ್ ಹಾಳೆ (ಡೋಮ್‌ಗಳೆಲ್ಲ ಒಂದೇ ಹಾಳೆಯಲ್ಲಿದ್ದರೆ) ಮತ್ತು ಮೆಂಬ್ರೇನ್ ಎರಡನ್ನೂ ಹಿಡಿದು ಮತ್ತೆ ಟಾರ್ಚ್ ಬಿಡಿ. ಆಗಲೂ ಬೆಳಕು ಬಂದರೆ ಕೆಳಗಿನ ದಾರಿ ತೆರೆದಿದೆ. ಎಲ್‌ಇಡಿಯನ್ನು ತಳದ ಚಿಪ್ಪಿನಲ್ಲಿ ಕೂರಿಸಬಹುದು.

ತಟ್ಟೆ ಕಪ್ಪಾಗಿದ್ದು ಕೊಳವೆಗಳ ತೂತಿನಿಂದ ಮಾತ್ರ ಚುಕ್ಕಿ ಚುಕ್ಕಿ ಬೆಳಕು ಕಂಡರೆ, ಕೆಳಗಿನ ದಾರಿ ಮುಚ್ಚಿದೆ ಅಂತಲೇ ತಿಳಿಯಿರಿ. ಆ ತೂತುಗಳನ್ನು ಕೀಯ ಕಾಲುಗಳೇ ತುಂಬಿಕೊಳ್ಳುತ್ತವೆ. ತಳದಲ್ಲಿ ಎಷ್ಟು ಎಲ್‌ಇಡಿ ತುಂಬಿದರೂ ವ್ಯರ್ಥ. ಹೆಚ್ಚಿನ ಅಗ್ಗದ ಕಪ್ಪು ಕೀಬೋರ್ಡ್‌ಗಳು ಈ ಜಾತಿಯವು, ಮೇಲೆ ಹೇಳಿದ ಕಥೆ ಹುಟ್ಟುವುದೂ ಇವುಗಳಲ್ಲೇ. ಇದಕ್ಕೆ ಮೇಲಿನ ದಾರಿ ಇದೆ: ಎಲ್‌ಇಡಿಯನ್ನು ತಟ್ಟೆಯ ಮೇಲ್ಮೈಯಲ್ಲೇ, ಕೊಳವೆಗಳ ಸಾಲುಗಳ ನಡುವಿನ ಓಣಿಯಲ್ಲಿ ಅಂಟಿಸುವುದು.

ಇನ್ನು ಮೆಂಬ್ರೇನ್ ಕೆಳಗೆ ಇಡೀ ಅಗಲಕ್ಕೆ ಕಬ್ಬಿಣದ ತಗಡು ಇದ್ದರೆ ತಟ್ಟೆ ಬಿಳಿಯದಾದರೂ ಕೆಳಗಿನ ದಾರಿ ಬಿಟ್ಟುಬಿಡಿ. ತಗಡಿಗೆ ತೂತು ಕೊರೆಯಬಹುದಲ್ವಾ ಅಂತ ಕೇಳುತ್ತೀರಿ. ಕೊರೆಯಬಹುದು, ಆದರೆ ತೂತಿನ ಅಂಚಿನ ಚೂಪು ಮೆಂಬ್ರೇನನ್ನು ಸೀಳಬಹುದು.

ಈಗ ಕ್ಲೇ. ಮೇಲಿನ ದಾರಿಯಲ್ಲಿ ಎದುರಾಗುವ ತೊಡಕು ಜಾಗದ್ದು. ಕೀ ಒತ್ತಿದಾಗ 3ರಿಂದ 4 ಮಿಮೀ ಕೆಳಗಿಳಿಯುತ್ತದೆ, ಅದರ ಕೆಳ ಅಂಚು ಓಣಿಯ ತನಕ ಬರುತ್ತದೆ. ಅಲ್ಲಿ ಎಲ್‌ಇಡಿ ಇದ್ದರೆ ಕೀ ಅದರ ಮೇಲೆ ಕೂತುಬಿಡುತ್ತದೆ, ಪೂರ್ತಿ ಒತ್ತಿಕೊಳ್ಳುವುದಿಲ್ಲ. ಹಾಗಾಗಿ ಕೀಬೋರ್ಡನ್ನು ತಾತ್ಕಾಲಿಕವಾಗಿ ಮತ್ತೆ ಜೋಡಿಸಿ. ಮೆಣಸಿನ ಕಾಳಿನಷ್ಟು ಕ್ಲೇ ಉಂಡೆ ಮಾಡಿ ಓಣಿಯಲ್ಲಿಡಿ, ಮೇಲೆ ಕೀ ಹಾಕಿ, ಗಟ್ಟಿಯಾಗಿ ಒತ್ತಿ, ಕೀ ತೆಗೆಯಿರಿ. ಚಪ್ಪಟೆಯಾದ ಕ್ಲೇಯ ದಪ್ಪವೇ ನಿಮಗಿರುವ ಜಾಗ. ಮಧ್ಯದ ಒಂದು ಅಕ್ಷರ, ಎಂಟರ್, ಶಿಫ್ಟ್, ಹೀಗೆ ಮೂರ್ನಾಲ್ಕು ಕಡೆ ನೋಡಿ, ಎಲ್ಲಕ್ಕಿಂತ ಕಡಿಮೆ ಬಂದ ಅಳತೆಯನ್ನು ಬರೆದುಕೊಳ್ಳಿ. ಜೊತೆಗೆ ಓಣಿಯ ಅಗಲವನ್ನೂ ಸ್ಕೇಲ್‌ನಿಂದ ಅಳೆಯಿರಿ. ಆ ಎರಡು ಅಂಕಿ ಕೈಯಲ್ಲಿಲ್ಲದೆ ಕೊಳ್ಳಲು ಹೋಗಬೇಡಿ.

ಮುಂದಿನ ಹಂತಗಳನ್ನು ಮೇಲಿನ ದಾರಿಗೆ ತಕ್ಕಂತೆ ಬರೆದಿದ್ದೇನೆ. ಕೆಳಗಿನ ದಾರಿಯವರಿಗೂ ಬೆಸುಗೆ, ಲೆಕ್ಕ ಎಲ್ಲಾ ಇದೇ. ಒಂದೇ ಎಚ್ಚರಿಕೆ: ತಳದ ಚಿಪ್ಪಿನಲ್ಲಿ ಮೆಂಬ್ರೇನನ್ನು ಹೊತ್ತು ನಿಂತಿರುವ ಪ್ಲಾಸ್ಟಿಕ್ ಏಣುಗಳನ್ನು ಕತ್ತರಿಸಬೇಡಿ. ಆಧಾರ ಹೋದ ಜಾಗದಲ್ಲಿ ಕೀ ಒತ್ತಿದರೆ ಮೆಂಬ್ರೇನ್ ಬಾಗುತ್ತದೆ, ಅಕ್ಷರ ಬೀಳುವುದಿಲ್ಲ. ಎಲ್‌ಇಡಿ ಆ ಏಣುಗಳ ನಡುವೆ, ಅವುಗಳಿಗಿಂತ ತಗ್ಗಿನಲ್ಲಿ ಕೂರಬೇಕು.

## ಹಂತ 5: ಎಲ್‌ಇಡಿ ಆಯ್ಕೆ ಮತ್ತು ಕರೆಂಟ್ ಲೆಕ್ಕ

5 ವೋಲ್ಟ್‌ನ, ಒಂದೇ ಬಣ್ಣದ, ಕಿರಿದಾದ ಪಟ್ಟಿ ತನ್ನಿ. 12 ವೋಲ್ಟ್ ಪಟ್ಟಿಯಲ್ಲಿ ಮೂರು ಮೂರು ಎಲ್‌ಇಡಿ ಸರಣಿಯಲ್ಲಿರುತ್ತವೆ, ಬಿಳಿಯದಾದರೆ ಒಂದೊಂದಕ್ಕೂ 3 ವೋಲ್ಟ್ ಹತ್ತಿರ ಬೇಕು. 5 ವೋಲ್ಟ್‌ಗೆ ಅದು ಹೊತ್ತುವುದೇ ಇಲ್ಲ. ಬಣ್ಣ ಬದಲಿಸುವ ಡಬ್ಲ್ಯುಎಸ್2812ಬಿ ಥರದ ಪಟ್ಟಿಯೂ ಬೇಡ. ಅದಕ್ಕೆ ಡೇಟಾ ಕೊಡಲು ಬೇರೆ ಚಿಪ್ ಬೇಕು.

ದಪ್ಪ ನೋಡಿ. 2835 ಎಂಬ ಹೆಸರಿನ ಎಲ್‌ಇಡಿ 2.8 ಅಗಲ, 3.5 ಮಿಮೀ ಉದ್ದ, ಎತ್ತರ 1 ಮಿಮೀ ಒಳಗೆ. 5050 ಸುಮಾರು 1.6 ಮಿಮೀ ಎತ್ತರ. ಕ್ಲೇ 2 ಮಿಮೀ ತೋರಿಸಿದ್ದರೆ 2835 ಪಟ್ಟಿ ನೆಮ್ಮದಿಯಾಗಿ ಕೂರುತ್ತದೆ. 1 ಮಿಮೀ ಹತ್ತಿರ ತೋರಿಸಿದ್ದರೆ ಪಟ್ಟಿ ಬಿಡಿ, 0603 ಅಳತೆಯ ವೈರ್ ಹಚ್ಚಿದ ಬಿಡಿ ಎಲ್‌ಇಡಿ ಹುಡುಕಿ. ನೀರು ತಡೆಯಲು ಮೇಲೆ ಸಿಲಿಕೋನ್ ಸುರಿದ ಪಟ್ಟಿಯಂತೂ ಖಂಡಿತ ಬೇಡ, ದಪ್ಪ.

ಈಗ ಲೆಕ್ಕ. ಸುಮ್ನೆ ಓದಿ ಬಿಡಬೇಡಿ, ನಿಮ್ಮ ಪಟ್ಟಿಗೆ ಹಚ್ಚಿ ನೋಡಿ. ಕೀಯಿಂದ ಕೀಗೆ ಅಂತರ ಸುಮಾರು 19 ಮಿಮೀ. ಟೈಪಿಂಗ್ ಭಾಗದ ಅಗಲ ಹದಿನೈದು ಕೀ, ಅಂದರೆ ಸುಮಾರು 28 ಸೆಂಮೀ. ಅಂಕಿ ಸಾಲಿನಿಂದ ಸ್ಪೇಸ್ ಬಾರ್ ತನಕ ನಾಲ್ಕು ಓಣಿ. ನಾಲ್ಕಕ್ಕೂ ಪಟ್ಟಿ ಹಾಕಿದರೆ 112 ಸೆಂಮೀ. ಮೀಟರ್‌ಗೆ 60 ಎಲ್‌ಇಡಿ ಇರುವ ಪಟ್ಟಿಯಾದರೆ 67 ಎಲ್‌ಇಡಿ. ಒಂದೊಂದು 15 ಮಿಲಿಆಂಪ್ ಎಳೆದರೂ ಒಟ್ಟು 1000 ಮಿಲಿಆಂಪ್ ದಾಟುತ್ತದೆ.

ಯುಎಸ್‌ಬಿ 2.0 ಪೋರ್ಟ್ ಒಂದು ಸಾಧನಕ್ಕೆ ಕೊಡಬೇಕಾದ ಗರಿಷ್ಠ 500 ಮಿಲಿಆಂಪ್. ಬೇರೆ ಪವರ್ ಇಲ್ಲದ ಹಬ್ (ಒಂದು ಪೋರ್ಟನ್ನು ಹಲವಾಗಿಸುವ ಸಾಧನ) ಆದರೆ ಪ್ರತಿ ಪೋರ್ಟ್‌ಗೆ 100 ಮಾತ್ರ. ನಾನು ಇಟ್ಟುಕೊಂಡಿರುವ ಮಿತಿ ಕೀಬೋರ್ಡ್ ಸೇರಿ 200. ಪೋರ್ಟ್‌ಗೂ ಹಿತ, ಕಣ್ಣಿಗೂ ಹಿತ. ಕತ್ತಲೆ ಕೋಣೆಯಲ್ಲಿ ಒಂದು ಎಲ್‌ಇಡಿಗೆ 2 ಮಿಲಿಆಂಪ್ ಧಾರಾಳವಾಗಿ ಸಾಕು, ನಂಬಿಕೆ ಬಾರದಿದ್ದರೆ ಏಳನೇ ಹಂತದಲ್ಲಿ ನಿಮಗೇ ಗೊತ್ತಾಗುತ್ತದೆ.

ಕರೆಂಟ್ ಇಳಿಸಲು ಇಡೀ ಪಟ್ಟಿಯ ಪ್ಲಸ್ ವೈರ್‌ನಲ್ಲಿ ಒಂದೇ ಒಂದು ರೆಸಿಸ್ಟರ್ ಹಾಕಿದರೆ ಸಾಕು. ಈ ಉದ್ದದ ಬಿಳಿ ಪಟ್ಟಿಗೆ 10ರಿಂದ 22 ಓಮ್ ನಡುವೆ ಉತ್ತರ ಇರುತ್ತದೆ. 22, 15, 10 ಮೂರನ್ನೂ ತನ್ನಿ, ಅರ್ಧ ವ್ಯಾಟ್‌ನವು. ಇಲ್ಲಿ ಕಾಲು ವ್ಯಾಟ್ ತಂದು ಕೈ ಸುಟ್ಟುಕೊಳ್ಳುವವರು ಬಹಳ: 15 ಓಮ್‌ನಲ್ಲಿ 130 ಮಿಲಿಆಂಪ್ ಹರಿದರೆ ಅದೊಂದೇ ರೆಸಿಸ್ಟರ್ 0.25 ವ್ಯಾಟ್ ಶಾಖ ಹೊರಬೇಕು, ಕಾಲು ವ್ಯಾಟ್‌ನದಕ್ಕೆ ಅದು ಕುತ್ತಿಗೆ ತನಕ.

ಬಿಡಿ ಎಲ್‌ಇಡಿಯವರು ಪ್ರತಿಯೊಂದಕ್ಕೂ ಒಂದು ರೆಸಿಸ್ಟರ್ ಹಾಕಿ. ಬಿಳಿ ಅಥವಾ ನೀಲಿಗೆ 5ರಿಂದ 3.2 ಕಳೆದು ಉಳಿದ 1.8 ವೋಲ್ಟನ್ನು ಬೇಕಾದ ಕರೆಂಟ್‌ನಿಂದ ಭಾಗಿಸಿ. 2 ಮಿಲಿಆಂಪ್ ಬೇಕೆಂದರೆ 900 ಓಮ್, ಸಿಗುವುದು 1000, ಅದೇ ಹಾಕಿ. ಕೆಂಪು 2 ವೋಲ್ಟ್‌ಗೇ ಹೊತ್ತುತ್ತದೆ, ಅದಕ್ಕೆ 1500 ಓಮ್. ರೆಸಿಸ್ಟರ್ ಇಲ್ಲದೆ ನೇರ 5 ವೋಲ್ಟ್ ಕೊಟ್ಟರೆ ಒಂದು ಕ್ಷಣ ಬಹಳ ಚೆನ್ನಾಗಿ ಹೊಳೆಯುತ್ತದೆ, ಅಷ್ಟೇ ಅದರ ಆಯಸ್ಸು.

## ಹಂತ 6: ಕಾಗದದ ಅಚ್ಚು ಮತ್ತು ಬೆಸುಗೆ

ಬೆಸುಗೆಯನ್ನು ಕೀಬೋರ್ಡ್ ಮೇಲೆ ಮಾಡಬೇಡಿ. ಐರನ್ ಮೊನೆ 320ರಿಂದ 350 ಡಿಗ್ರಿ ಇರುತ್ತದೆ, ತಟ್ಟೆಯ ಪ್ಲಾಸ್ಟಿಕ್ 100 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ.

ಕೀ ತೆಗೆದ ತಟ್ಟೆಯ ಮೇಲೆ ಬಿಳಿ ಕಾಗದ ಹಾಸಿ, ಪೆನ್ಸಿಲ್ಲನ್ನು ಮಲಗಿಸಿ ಉಜ್ಜಿ. ನಾಣ್ಯದ ಅಚ್ಚು ತೆಗೆಯುತ್ತಿದ್ದೆವಲ್ಲ, ಹಾಗೆ. ಎಲ್ಲಾ ಕೊಳವೆಗಳ ಗುರುತು ಮೂಡುತ್ತದೆ, ನಡುವಿನ ಓಣಿ ತಾನಾಗಿ ಕಾಣುತ್ತದೆ. ಈ ಕಾಗದವನ್ನು ರಟ್ಟಿಗೆ ಅಂಟಿಸಿ, ಪಟ್ಟಿಗಳನ್ನು ಅದರ ಮೇಲೆ ಇಟ್ಟು ಬೆಸುಗೆ ಮಾಡಿ. ಪಟ್ಟಿಯನ್ನು ಕತ್ತರಿ ಗುರುತು ಇರುವಲ್ಲಿ ಮಾತ್ರ ಕತ್ತರಿಸಿ. ಸ್ಪೇಸ್ ಬಾರ್ ತಂತಿ ಓಡಾಡುವ ಜಾಗದಲ್ಲಿ ಪಟ್ಟಿ ಬೇಡ, ಅಲ್ಲಿಗೆ ಮೊದಲೇ ನಿಲ್ಲಿಸಿ.

ನಾಲ್ಕೂ ಪಟ್ಟಿಗಳನ್ನು ಏಣಿಯ ಮೆಟ್ಟಿಲುಗಳ ಹಾಗೆ ಜೋಡಿಸಿ: ಎಡ ತುದಿಯಲ್ಲಿ ಎಲ್ಲದರ ಪ್ಲಸ್ ಒಂದು ವೈರ್‌ಗೆ, ಎಲ್ಲದರ ಮೈನಸ್ ಇನ್ನೊಂದಕ್ಕೆ. ಕೆಲವರು ಹಾವಿನ ಹಾಗೆ ಒಂದರ ತುದಿಗೆ ಮುಂದಿನದನ್ನು ತಿರುಗಿಸಿ ಜೋಡಿಸುತ್ತಾರೆ. ಪಟ್ಟಿ ತಿರುಗಿದಾಗ ಪ್ಲಸ್ ಇದ್ದ ಕಡೆ ಮೈನಸ್ ಬರುತ್ತದೆ, ನೋಡದೆ ಎದುರೆದುರಿನ ಚುಕ್ಕಿಗಳನ್ನು ಬೆಸೆದರೆ ಶಾರ್ಟ್ ಆಗುತ್ತದೆ ಅಥವಾ ಎರಡನೇ ಸಾಲು ಹೊತ್ತುವುದಿಲ್ಲ. ಏಣಿಯೇ ಸುಲಭ.

ಮೊದಲು ತಾಮ್ರದ ಚುಕ್ಕಿಗೆ ಸ್ವಲ್ಪ ಸೋಲ್ಡರ್ ಬಳಿಯಿರಿ, ವೈರ್ ತುದಿಗೂ ಬಳಿಯಿರಿ, ಆಮೇಲೆ ಎರಡನ್ನೂ ಸೇರಿಸಿ ಎರಡು ಸೆಕೆಂಡ್ ಐರನ್ ಮುಟ್ಟಿಸಿ ತೆಗೆಯಿರಿ. ಹೊಳಪಾಗಿ, ಚಪ್ಪಟೆಯಾಗಿ ಕೂತರೆ ಸರಿ. ಗುಂಡಗೆ ಉಂಡೆ ಕಟ್ಟಿದರೆ ಮತ್ತೆ ಮಾಡಿ, ಆ ಉಂಡೆಗೂ ಕೀ ತಾಗುತ್ತದೆ. ಕಿಟಕಿ ತೆರೆದಿರಲಿ, ಹೊಗೆಗೆ ಮುಖ ಕೊಡಬೇಡಿ. ಸೀಸ ಇರುವ ಸೋಲ್ಡರ್ ಮುಟ್ಟಿದ ಕೈಯನ್ನು ತೊಳೆಯದೆ ಬಾಯಿಗೆ ಏನೂ ಹಾಕಬೇಡಿ.

## ಹಂತ 7: ಅಂಟಿಸುವ ಮೊದಲು ಮೇಜಿನ ಮೇಲೆ ಉರಿಸಿ ನೋಡಿ

ಯಾವುದಾದರೂ ಹಳೆಯ ಯುಎಸ್‌ಬಿ ವೈರ್‌ನ ಒಂದು ತುದಿ ಕತ್ತರಿಸಿ ಪರೀಕ್ಷೆಗೆ ಇಟ್ಟುಕೊಳ್ಳಿ. ಮೊದಲು 22 ಓಮ್ ಸಿಕ್ಕಿಸಿ. ಪವರ್ ಕೊಡುವ ಮುಂಚೆ ಮಲ್ಟಿಮೀಟರ್‌ನಲ್ಲಿ ಪಟ್ಟಿಯ ಪ್ಲಸ್ ಮತ್ತು ಮೈನಸ್ ನಡುವೆ ಓಮ್ ನೋಡಿ. ಸೊನ್ನೆಯ ಹತ್ತಿರ ತೋರಿಸಿದರೆ ಶಾರ್ಟ್ ಇದೆ, ಹುಡುಕಿ.

ಪರೀಕ್ಷೆಗೆ ಕಂಪ್ಯೂಟರ್ ಬೇಡ, ಫೋನ್ ಚಾರ್ಜರ್ ಬಳಸಿ. ಪವರ್ ಬ್ಯಾಂಕ್ ಬಳಸಿದರೆ ಅರ್ಧ ನಿಮಿಷಕ್ಕೆ ದೀಪ ಆರಿದರೆ ಗಾಬರಿ ಬೇಡ. ಇಷ್ಟು ಕಡಿಮೆ ಕರೆಂಟ್ ಎಳೆದರೆ ಏನೂ ಸಿಕ್ಕಿಸಿಲ್ಲ ಅಂದುಕೊಂಡು ಅನೇಕ ಪವರ್ ಬ್ಯಾಂಕ್‌ಗಳು ತಾವೇ ಆಫ್ ಆಗುತ್ತವೆ.

ಕೋಣೆ ಕತ್ತಲು ಮಾಡಿ ನೋಡಿ. ಸಾಲದು ಅನ್ನಿಸಿದರೆ 15, ಆಮೇಲೆ 10. ಹಗಲಲ್ಲಿ ನೋಡಿ ತೀರ್ಮಾನ ಮಾಡಬೇಡಿ, ಹಗಲಲ್ಲಿ ಯಾವ ಬೆಳಕೂ ಸಾಲದು. ಯುಎಸ್‌ಬಿ ಮೀಟರ್‌ನಲ್ಲಿ 0.15 ಆಂಪ್ ಒಳಗೆ ಇದ್ದರೆ ಸರಿ. ಅರ್ಧ ಗಂಟೆ ಹಾಗೇ ಉರಿಯಲು ಬಿಟ್ಟು ರೆಸಿಸ್ಟರ್ ಮುಟ್ಟಿ. ಬೆಚ್ಚಗಿದ್ದರೆ ಸಹಜ, ಬೆರಳು ಇಡಲಾಗದಷ್ಟು ಬಿಸಿಯಾದರೆ ಲೆಕ್ಕ ಎಲ್ಲೋ ತಪ್ಪಿದೆ.

## ಹಂತ 8: ಅಂಟಿಸಿ ವೈರ್ ಒಳಗಿಳಿಸುವುದು

ತಟ್ಟೆಯ ಓಣಿಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಒಣಗಿಸಿ. ಕಾಗದದ ಮೇಲಿಂದ ಏಣಿಯನ್ನು ಹಾಗೇ ಎತ್ತಿ ತಂದು, ಪಟ್ಟಿಯ ಹಿಂದಿನ ಅಂಟಿನಲ್ಲೇ ಕೂರಿಸಿ. ಸೂಪರ್ ಗ್ಲೂ ಹಾಕಬೇಡಿ. ಅದು ನೀರಿನ ಹಾಗೆ ಹರಿದು ಕೊಳವೆಯೊಳಗೆ ಇಳಿಯುತ್ತದೆ, ಕೀ ಶಾಶ್ವತವಾಗಿ ಅಲ್ಲೇ ನಿಂತುಬಿಡುತ್ತದೆ. ಅಂಟು ಗನ್ ದಪ್ಪಗೆ ಗಂಟು ಕಟ್ಟುತ್ತದೆ, ಅದೂ ಬೇಡ.

ಎರಡು ವೈರ್ ಒಳಗೆ ಇಳಿಯಲು ತೂತು ಬೇಕು. ನೀರು ಬಿದ್ದರೆ ಹರಿದುಹೋಗಲು ಬಿಟ್ಟ ತೂತು ಕೆಲವು ಕೀಬೋರ್ಡ್‌ಗಳಲ್ಲಿ ಇರುತ್ತದೆ, ಇದ್ದರೆ ಅದೇ ಸಾಕು. ಇಲ್ಲವಾದರೆ ಮೆಂಬ್ರೇನ್ ಹೊರಗೆ ತೆಗೆದು, ಅದು ಮುಚ್ಚದ ಮೂಲೆ ನೋಡಿ 2 ಮಿಮೀ ತೂತು ಕೊರೆಯಿರಿ. ನಂಬರ್ ಲಾಕ್ ದೀಪಗಳ ಹತ್ತಿರ ಸಾಮಾನ್ಯವಾಗಿ ಅಂಥ ಜಾಗ ಸಿಗುತ್ತದೆ. ನಾನು ಒಮ್ಮೆ ಸೋಮಾರಿತನ ಮಾಡಿ ಮೆಂಬ್ರೇನ್ ಒಳಗಿರುವಾಗಲೇ ಕೊರೆದೆ. ಡ್ರಿಲ್ ಒಂದು ಕೂದಲೆಳೆ ಜಾಸ್ತಿ ಇಳಿಯಿತು. ಹೊರಗೆ ಏನೂ ಕಾಣಲಿಲ್ಲ. ಮುಚ್ಚಿ, ಸ್ಕ್ರೂ ಹಾಕಿ, ಕೀ ಎಲ್ಲಾ ಕೂರಿಸಿ ಟೈಪ್ ಮಾಡಿದರೆ ಒಂಬತ್ತು ಕೀ ಸತ್ತಿದ್ದವು, ಅದೂ ಒಂದೇ ಕಡೆಯಲ್ಲ, ಅಲ್ಲೊಂದು ಇಲ್ಲೊಂದು. ಬಿಚ್ಚಿ ನೋಡಿದಾಗ ಹಾಳೆಯಲ್ಲಿ ಸೂಜಿ ಚುಚ್ಚಿದಷ್ಟು ಗಾಯ, ಒಂದು ಗೆರೆ ಕಟ್.

## ಹಂತ 9: 5 ವೋಲ್ಟ್ ಎಲ್ಲಿಂದ ತೆಗೆಯುವುದು

ಕೀಬೋರ್ಡ್ ವೈರ್ ಒಳಗೆ ನಾಲ್ಕು ಎಳೆ. ನಿಯಮದ ಪ್ರಕಾರ ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್, ಬಿಳಿ ಮತ್ತು ಹಸಿರು ಡೇಟಾ. ಅಗ್ಗದ ಕೀಬೋರ್ಡ್‌ನಲ್ಲಿ ಬಣ್ಣವನ್ನು ನಂಬಬೇಡಿ. ಬೋರ್ಡ್ ಬಯಲಲ್ಲಿರುವಾಗಲೇ ಪವರ್ ಕೊಟ್ಟು ಮಲ್ಟಿಮೀಟರ್‌ನಲ್ಲಿ ಅಳೆಯಿರಿ. ಯಾವ ಜೋಡಿಯಲ್ಲಿ 5ರ ಆಸುಪಾಸು ಬರುತ್ತದೋ ಅದೇ ನಿಮ್ಮ ಜೋಡಿ. ಗುರುತು ಮಾಡಿ, ಪವರ್ ಕಿತ್ತು, ಆಮೇಲೆ ಐರನ್ ಹಿಡಿಯಿರಿ.

ವೈರ್ ಬೋರ್ಡ್‌ಗೆ ಬಂದು ಸೇರುವ ಜಾಗದಲ್ಲೇ ಬೆಸೆಯಿರಿ. ಮೆಂಬ್ರೇನ್ ಆ ಹೊತ್ತಿಗೆ ಮೇಜಿನ ಇನ್ನೊಂದು ತುದಿಯಲ್ಲಿರಲಿ. ಪಕ್ಕದ ಡೇಟಾ ಚುಕ್ಕಿಗೆ ಸೋಲ್ಡರ್ ಹರಿಯಿತೋ ಎಂದು ಭೂತಗನ್ನಡಿ ಹಿಡಿದು ನೋಡಿ. ಡೇಟಾಗೆ 5 ವೋಲ್ಟ್ ತಾಗಿದರೆ ಕೀಬೋರ್ಡ್ ಚಿಪ್ ಹೋಗಬಹುದು, ಪೋರ್ಟೂ ಹೋಗಬಹುದು.

ಪ್ಲಸ್ ಸಾಲಿನ ಕ್ರಮ ಹೀಗಿರಲಿ: 5 ವೋಲ್ಟ್, ತಾನೇ ಮತ್ತೆ ಸರಿಹೋಗುವ ಸಣ್ಣ ಫ್ಯೂಸ್, ಸ್ವಿಚ್, ರೆಸಿಸ್ಟರ್, ಪಟ್ಟಿ. 200ರಿಂದ 250 ಮಿಲಿಆಂಪ್‌ನ ಪಾಲಿಫ್ಯೂಸ್ ಸಾಕು. ಮುಂದೆಂದೋ ವೈರ್ ಸವೆದು ಶಾರ್ಟ್ ಆದರೆ ಪೋರ್ಟ್ ಉಳಿಸುವುದು ಅದೇ. ರೆಸಿಸ್ಟರ್‌ಗೆ ಹೀಟ್ ಶ್ರಿಂಕ್ ಹಾಕಿ, ಮೆಂಬ್ರೇನ್‌ಗೆ ತಾಗದ ಕಡೆ ಇಡಿ. ಬೆಳಕು ಹೆಚ್ಚುಕಡಿಮೆ ಮಾಡಲು ರೇಡಿಯೋದಲ್ಲಿರುವಂಥ ಪುಟ್ಟ ತಿರುಗುವ ವಾಲ್ಯೂಮ್ ಬಿರಡೆ ಹಾಕುವ ಆಸೆ ಬರುತ್ತದೆ. ಇಷ್ಟು ಕರೆಂಟನ್ನು ಅದು ತಡೆಯುವುದಿಲ್ಲ, ಒಂದು ತುದಿಯಲ್ಲಿ ಸುಟ್ಟುಹೋಗುತ್ತದೆ. ಬೇಕೇ ಬೇಕೆಂದರೆ 5 ವೋಲ್ಟ್‌ನ ರೆಡಿಮೇಡ್ ಡಿಮ್ಮರ್ ಸಿಗುತ್ತದೆ.

## ಹಂತ 10: ಮುಚ್ಚುವುದು

ಮೆಂಬ್ರೇನ್ ತೂತುಗಳು ಗೂಟಗಳಿಗೆ ಸರಿಯಾಗಿ ಕೂತಿವೆಯೇ, ಮೂರೂ ಪದರ ಒಂದರ ಮೇಲೊಂದು ನೇರ ಇವೆಯೇ ನೋಡಿ. ಬಾಲವನ್ನು ಬೋರ್ಡ್ ಕೆಳಗಿಟ್ಟು, ರಬ್ಬರ್ ಪಟ್ಟಿ ಮೊದಲಿದ್ದಲ್ಲೇ ಇಟ್ಟು ಸ್ಕ್ರೂ ಬಿಗಿ ಮಾಡಿ. ಹೊಸ ವೈರ್ ಮೆಂಬ್ರೇನ್ ಮೇಲೆ ಹಾಯಬಾರದು. ಹಾಯ್ದರೆ ಅದರ ಉಬ್ಬಿಗೆ ಯಾವುದೋ ಕೀ ಸದಾ ಒತ್ತಿಕೊಂಡೇ ಇರುತ್ತದೆ.

ನಾಲ್ಕು ಸ್ಕ್ರೂ ಮಾತ್ರ ಹಾಕಿ, ಕೀಗಳನ್ನು ಕೂರಿಸದೆ, ಕೊಳವೆಯೊಳಗೆ ಪೆನ್ಸಿಲ್‌ನ ರಬ್ಬರ್ ತುದಿಯಿಂದ ಡೋಮ್‌ಗಳನ್ನು ಒಂದೊಂದಾಗಿ ಒತ್ತಿ ಪರೀಕ್ಷಿಸಿ. ಎಲ್ಲಾ ಅಕ್ಷರ ಬಿದ್ದ ಮೇಲೆ ಉಳಿದ ಸ್ಕ್ರೂ, ಆಮೇಲೆ ತಂತಿ ಇರುವ ದೊಡ್ಡ ಕೀಗಳು, ಕೊನೆಗೆ ಸಣ್ಣವು.

## ಹಂತ 11: ಸಿಕ್ಕಿಸಿದ ಮೇಲೆ ಗಮನಿಸಬೇಕಾದ್ದು

ಮೊದಲು ಚಾರ್ಜರ್‌ಗೆ, ಮೀಟರ್ ಮೂಲಕ. 0.20 ಆಂಪ್ ದಾಟದಿದ್ದರೆ ಕಂಪ್ಯೂಟರ್‌ಗೆ. ನಂತರ ಏನಾದರೂ ತೊಂದರೆ ಕಂಡರೆ ಗುರುತು ಹಿಡಿಯುವುದು ಹೀಗೆ.

ಚದುರಿದ ಹಲವು ಕೀ ಒಟ್ಟಿಗೆ ಸತ್ತಿವೆ. ಒಂದು ಗೆರೆ ಇಡಿಯಾಗಿ ಹೋಗಿದೆ. ಮೊದಲು ಬಾಲದ ಹತ್ತಿರದ ರಬ್ಬರ್ ಮತ್ತು ಸ್ಕ್ರೂ ನೋಡಿ. ಅಲ್ಲಿ ಸರಿ ಇದ್ದರೆ ಮೆಂಬ್ರೇನ್ ಗಾಯ ಹುಡುಕಿ.

ಒಂದೇ ಒಂದು ಕೀ ಸತ್ತಿದೆ. ಡೋಮ್ ಸರಿದಿದೆ, ಕಸ ಸಿಕ್ಕಿದೆ, ಅಥವಾ ಕೀ ಎಲ್‌ಇಡಿ ಮೇಲೆ ಕೂತಿದೆ. ಕೀ ತೆಗೆದು ಡೋಮನ್ನು ನೇರ ಒತ್ತಿ. ಅಕ್ಷರ ಬಿದ್ದರೆ ತಪ್ಪು ಎಲ್‌ಇಡಿಯದು.

ಟೈಪ್ ಮಾಡುವಾಗ ಬೆಳಕು ಮಿಣುಕುತ್ತದೆ. ಬೆಸುಗೆ ಸಡಿಲ. ಹೆಚ್ಚಾಗಿ ತೂತಿನಲ್ಲಿ ವೈರ್ ಬಾಗುವ ಜಾಗ.

ಪವರ್ ಸರ್ಜ್ ಎಂಬ ಸಂದೇಶ ಬರುತ್ತದೆ, ಅಥವಾ ಕೀಬೋರ್ಡ್ ಸಿಕ್ಕಿ ಬಿಟ್ಟು ಮಾಡುತ್ತದೆ. ತಕ್ಷಣ ಕಿತ್ತುಬಿಡಿ. ಬೇರೆ ಪೋರ್ಟ್‌ಗೆ ಹಾಕಿ ನೋಡೋಣ ಅನ್ನಬೇಡಿ. ಹಬ್‌ಗೆ ಸಿಕ್ಕಿಸಿದ್ದೀರಾ ಅಂತ ನೋಡಿ, ಇಲ್ಲವಾದರೆ ಮಲ್ಟಿಮೀಟರ್ ತೆಗೆಯಿರಿ.

ಸುಟ್ಟ ವಾಸನೆ, ಅಥವಾ ಒಂದು ಜಾಗ ಮಾತ್ರ ಬಿಸಿ. ಕಿತ್ತು, ತಣ್ಣಗಾದ ಮೇಲೆ ಬಿಚ್ಚಿ. ಈ ಕರೆಂಟ್‌ಗೆ ಪಟ್ಟಿ ಬಿಸಿಯಾಗಲು ಕಾರಣವೇ ಇಲ್ಲ, ರೆಸಿಸ್ಟರ್ ದಾಟಿ ಎಲ್ಲೋ ನೇರ ಸಂಪರ್ಕ ಆಗಿದೆ.

ಕಂಪ್ಯೂಟರ್ ಆಫ್ ಮಾಡಿದರೂ ಬೆಳಕು ಆರುವುದಿಲ್ಲ. ನಿಮ್ಮ ತಪ್ಪೇನೂ ಇಲ್ಲ. ಎಷ್ಟೋ ಮದರ್‌ಬೋರ್ಡ್‌ಗಳು ಆಫ್ ಆದ ಮೇಲೂ ಯುಎಸ್‌ಬಿಗೆ 5 ವೋಲ್ಟ್ ಬಿಡುತ್ತಲೇ ಇರುತ್ತವೆ. ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪರದೆ) ಇಆರ್‌ಪಿ (ErP) ಎಂಬ ಆಯ್ಕೆ ಇದ್ದರೆ ಅದನ್ನು ಆನ್ ಮಾಡಿದರೆ ನಿಲ್ಲುತ್ತದೆ. ಆ ಆಯ್ಕೆ ಇಲ್ಲದಿದ್ದರೆ ಒಂಬತ್ತನೇ ಹಂತದ ಸ್ವಿಚ್ ಇದ್ದೇ ಇದೆ. ಯಾಕೆ ಬೇಕು ಅಂತ ಅದನ್ನು ಬಿಟ್ಟವರು ಈಗ ಮತ್ತೆ ಸ್ಕ್ರೂಡ್ರೈವರ್ ಹುಡುಕಬೇಕು.